ಹೊಸ್ತಿಲ ಮಾತು

ಅರ್ಜಿಯ ಏಳನೇ ಕಾಲಂ ಕೇಳುತ್ತದೆ: ಈ ಸಂಶೋಧನೆಯಲ್ಲಿ ಹೊಸತೇನು?
ರಾತ್ರಿ ಹನ್ನೊಂದು. ಪೆರ್ಲದಲ್ಲಿ ಕರೆಂಟು ಹೋಗಿ, ಬಂದು,
ಇನ್ನೊಮ್ಮೆ ಹೋಗುವ ಆಲೋಚನೆಯಲ್ಲಿದೆ.
ಬರೆಯುತ್ತೇನೆ: ಹೊಸತೇನೂ ಇಲ್ಲ.
ಅಳಿಸುತ್ತೇನೆ.

ಹದಿನಾರು ವರ್ಷ ಒಂದೇ ಮೇಜಿನ ಹಿಂದೆ ಕೂತವಳು ನಾನು.
ಕುಟುಂಬ ಆರೋಗ್ಯ ಕೇಂದ್ರ, ಎರಡನೇ ಕೋಣೆ,
ದಿನಕ್ಕೆ ನೂರು ಚೀಟಿ, ಚೀಟಿಗೆ ಮೂರು ನಿಮಿಷ.
ಕೆಮ್ಮು ಹೇಳುತ್ತಾರೆ, ಮೊಣಗಂಟು ಹೇಳುತ್ತಾರೆ,
ಬೀಪಿಗೆ ತೋಳು ಚಾಚುತ್ತಾರೆ,
ಚೀಟಿ ಮಡಚಿ, ಕೊಡೆ ಎತ್ತಿಕೊಂಡು, ಬಾಗಿಲವರೆಗೂ ಹೋಗಿ
ಚಿಲಕದ ಮೇಲೆ ಕೈಯಿಟ್ಟು
ತಿರುಗುತ್ತಾರೆ.

ಪಿನ್ನೆ... ಅನ್ನುತ್ತಾರೆ ಆಯಿಸುಮ್ಮ.
ಬೊಕ್ಕ... ಅನ್ನುತ್ತಾನೆ ಐತಪ್ಪ.
ಆನಿ... ಅಂದು ನೆಲ ನೋಡುತ್ತಾಳೆ ಡುಲ್ಸಿನ್ ಕ್ರಾಸ್ತಾ.
ಮತ್ತೆ ಡಾಕ್ಟ್ರೇ, ಹೇಳಲಿಕ್ಕೆ ಮರೆತೆ ನೋಡಿ, ಅನ್ನುತ್ತಾರೆ
ಯಾವುದನ್ನೂ ಮರೆಯದ ಶಂಕರನಾರಾಯಣ ಮೇಷ್ಟ್ರು.

ಆ ಒಂದು ಪದದ ಬೆನ್ನಿಗೇ ರೋಗ ಕೋಣೆಯೊಳಗೆ ಬರುವುದು.
ಬೀಡಿ ಕಟ್ಟುವ ಆಯಿಸುಮ್ಮನ ಎದೆಯ ಗಂಟಿಗೆ ಆಗಲೇ ಎಂಟು ತಿಂಗಳು.
ಮೇಷ್ಟ್ರ ಹಾಸಿಗೆ ರಾತ್ರಿ ಒದ್ದೆಯಾಗುತ್ತದೆ.
ಐತಪ್ಪನ ಮಗಳು ಉಣ್ಣುತ್ತಿಲ್ಲ, ಮಾತೂ ಇಲ್ಲ.
ಇನ್ನೊಬ್ಬಳು, ಹೆಸರು ಬರೆಯಲಾರೆ,
ತೆರೆದ ಬಾಗಿಲನ್ನು ಒಳಗಿನಿಂದ ಮುಚ್ಚಿ
ಭುಜದ ಸೆರಗು ಸರಿಸಿದಳು.
ಹೊರಗೆ ನಲವತ್ತೊಂದನೇ ನಂಬರು ಕೆಮ್ಮುತ್ತಿತ್ತು.

ಇದನ್ನೇ ಎಣಿಸಬೇಕು ನನಗೆ.
ಎಷ್ಟು ಮಂದಿ ಹೊಸ್ತಿಲವರೆಗೂ ತಡೆಯುತ್ತಾರೆ, ಯಾಕೆ,
ಎಷ್ಟು ಮಂದಿ ಚಿಲಕ ತಿರುಗಿಸಿ ಹೋಗಿಯೇ ಬಿಡುತ್ತಾರೆ.

ಕೇಳಿದ ಮೊತ್ತ: ಎರಡು ಲಕ್ಷದ ಹತ್ತು ಸಾವಿರ.
ಬೆನ್ನಿರುವ ಕುರ್ಚಿ, ಒಂದು.
(ಸ್ಟೂಲಿನ ಮೇಲೆ ಕೂತವರು ಏಳಲಿಕ್ಕೆಂದೇ ಕೂತಿರುತ್ತಾರೆ.)
ವಾರಕ್ಕೊಂದು ದಿನ ಇನ್ನೊಬ್ಬ ಡಾಕ್ಟರು,
ನನ್ನ ಚೀಟಿಗೆ ಹತ್ತು ನಿಮಿಷ ಸಿಗುವ ಹಾಗೆ.
ನಾಲ್ಕು ಭಾಷೆ ಬಲ್ಲ ಸಹಾಯಕಿ;
ಅದಕ್ಕೇನು, ಬಸ್ಸಿಗೆ ಕಾಯುವವರಲ್ಲಿ ಯಾರನ್ನು ಕರೆದರೂ ಆದೀತು.
ಉಪಕರಣ: ಗೋಡೆ ಗಡಿಯಾರ.
ಮುಖ್ಯ ಪದಗಳು, ಐದಕ್ಕೆ ಮೀರದಂತೆ:
ಪಿನ್ನೆ, ಬೊಕ್ಕ, ಆನಿ, ಮತ್ತೆ.
ಐದನೆಯದು ಸಿಗಲಿಲ್ಲ. ಮೌನ ಎಂದು ಬರೆಯಲು ನಾಚಿಕೆಯಾಯಿತು.

ಆರು ತಿಂಗಳಿಗೆ ಉತ್ತರ ಬಂತು ದಿಲ್ಲಿಯಿಂದ, ಬಹಳ ಸಭ್ಯವಾಗಿ.
ಪ್ರಯೋಗಾಲಯದ ಪ್ರಸ್ತಾಪವಿಲ್ಲ.
ಪೀಠೋಪಕರಣಕ್ಕೆ ಅವಕಾಶವಿಲ್ಲ.
ವಿಷಯ ಯಾವ ವಿಭಾಗಕ್ಕೆ ಸೇರಿದ್ದೆಂದು ಸಮಿತಿಗೆ ಸ್ಪಷ್ಟವಾಗಲಿಲ್ಲ:
ಸ್ತನವೋ, ಮೂತ್ರಕೋಶವೋ, ಮನಸ್ಸೋ,
ಒಂದನ್ನು ಆರಿಸಿ ಬರುವ ವರ್ಷ ಕಳುಹಿಸಬಹುದು.
ಸಿಸ್ಟರ್ ನಳಿನಾಕ್ಷಿ ಎರಡು ಸಲ ಓದಿ ಕೇಳಿದರು,
'ಇವರಿಗೆ ಹುಷಾರಿಲ್ಲದಾಗ ಇವರು ಎಲ್ಲಿಗೆ ಹೋಗುವುದಂತೆ?'

ಮಂಗಳೂರಿನ ಗಾಜಿನ ಕಟ್ಟಡದಲ್ಲಿ ನನ್ನ ಸಹಪಾಠಿಗೆ
ಲಕ್ಷಕ್ಕೊಬ್ಬರಿಗೆ ಬರುವ ರೋಗದ ಮೇಲೆ ಕೋಟಿಯ ಯೋಜನೆ.
ಒಳ್ಳೆಯವನು. ಕೆಲಸವೂ ಒಳ್ಳೆಯದೇ.
ತಲಪಾಡಿ ದಾಟಿ ಅವನಲ್ಲಿಗೆ ಹೋದವರಲ್ಲಿ ಕೆಲವರು
ನನ್ನ ಈ ಬಾಗಿಲಿನಿಂದಲೇ ಹೋದವರು.
ಎಷ್ಟು ತಡವಾಗಿ ಹೋದರು ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ಮೊನ್ನೆ ಕಾಸರಗೋಡಿನಲ್ಲಿ ತಿಂಗಳ ಸಭೆ.
ಮುಗಿದ ಮೇಲೆ ಸಾಹೇಬರ ಕೋಣೆಗೆ ಹೋಗಿ
ಲಸಿಕೆಯ ಲೆಕ್ಕ ಒಪ್ಪಿಸಿದೆ, ಕೆಟ್ಟ ಫ್ರಿಜ್ಜಿನ ಬಗ್ಗೆ ಹೇಳಿದೆ,
ಸೋರುವ ಸ್ಟೋರ್ ರೂಮಿನ ಬಗ್ಗೆ.
ಆಯಿತು, ನೋಡೋಣ, ಅಂದರು.
ಎದ್ದೆ. ಕೊಡೆ ತೆಗೆದುಕೊಂಡೆ.
ಬಾಗಿಲಿಗೆ ಬಂದು, ಚಿಲಕದ ಮೇಲೆ ಕೈಯಿಟ್ಟು, ತಿರುಗಿದೆ.

ಮತ್ತೆ, ಸರ್...

ಅವರ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು.
ಅದು ನನಗೆ ಪರಿಚಯದ ನೋಟ, ನನ್ನದೇ.
ಕೈಯ ಕೆಳಗೆ ಹಿತ್ತಾಳೆ ತಣ್ಣಗಿತ್ತು.
ಹದಿನಾರು ವರ್ಷದಲ್ಲಿ ನಾನದನ್ನು
ಈ ಕಡೆಯಿಂದ ಮುಟ್ಟಿದ್ದು ನೆನಪಿಲ್ಲ.